ಸದ್ದಿಲ್ಲದ ಕಾರು

ಬಾಯಿ ತುಂಬ ಮೊಳೆ ಇಟ್ಟುಕೊಂಡು ಸೋಫಾದ ಬೆನ್ನಿಗೆ ನವಾರು ಎಳೆದು ಬಿಗಿಯುತ್ತಿದ್ದೆ. ಆಗ ಹೊರಗಿನಿಂದ ಯಾರೋ ನನ್ನ ತಲೆಯ ಮೇಲಿನ ಹೊದಿಕೆಯನ್ನು ಪ್ರೀತಿಯಿಂದ ತಟ್ಟಿದರು.

"ಒಳ್ಳೆ ಗಟ್ಟಿ ಬಾಡಿ," ಎಂದಿತು ನಮ್ಮ ಕಟ್ಟಡದ ಅಧ್ಯಕ್ಷರ ದನಿ.

ಅವರು ತಟ್ಟಿದ್ದು ಸೋಫಾದ ಮೇಲೆ ಮಗುಚಿ ಹಾಕಿದ್ದ ಕುರ್ಚಿಯ ಕಾಲನ್ನು. ನಾನು ಉಸಿರು ಬಿಗಿಹಿಡಿದೆ. ಬಾಯಿ ಬಿಡುವ ಹಾಗಂತೂ ಇರಲಿಲ್ಲ. ಕುಶನ್ ಕೆಲಸದವರು ಮೊಳೆಯನ್ನು ಬಾಯಲ್ಲಿ ಇಟ್ಟುಕೊಳ್ಳುವುದು ಚಟದಿಂದಲ್ಲ. ಒಂದು ಕೈ ಬಟ್ಟೆ ಎಳೆದು ಹಿಡಿದಿರುತ್ತದೆ, ಇನ್ನೊಂದರಲ್ಲಿ ಸುತ್ತಿಗೆ ಇರುತ್ತದೆ, ಮೊಳೆ ಎತ್ತಿಕೊಡಲು ನಾಲಿಗೆಯೊಂದೇ ಬಿಡುವಾಗಿರುತ್ತದೆ. ಸಿನಿಮಾ ಮಂದಿರದ ಕುರ್ಚಿಗಳಿಗೆಲ್ಲ ಕುಶನ್ ಹಾಕುತ್ತಿದ್ದ ನಮ್ಮಪ್ಪ, "ಬಾಯಲ್ಲಿ ಮೊಳೆ ಇದ್ದಾಗ ಜಗಳ ಆಡೋಕಾಗಲ್ಲ, ಅದಕ್ಕೇ ನಮ್ಮ ಸಂಸಾರಗಳು ಗಟ್ಟಿ," ಅನ್ನುತ್ತಿದ್ದರು. ನಾನು ಅಪ್ಪನಿಂದ ಕಲಿತದ್ದು ಈ ಕೆಲಸ. ನಮ್ಮಕ್ಕ ಕಲಿತದ್ದು, ಅಪ್ಪ ಏನು ಕೆಲಸ ಮಾಡುತ್ತಿದ್ದರೆಂದು ಯಾರಾದರೂ ಕೇಳಿದರೆ ಮಾತು ಬದಲಿಸುವುದನ್ನು.

ನಮ್ಮದು ಎರಡು ಕೋಣೆಯ ಮನೆ. ಮೆಟ್ಟಿಲು ಎಷ್ಟು ಕಿರಿದೆಂದರೆ, ಮೇಲೆ ಹತ್ತುವವರು ಕೆಳಗೆ ಇಳಿಯುವವರ ಯೋಗಕ್ಷೇಮ ವಿಚಾರಿಸದೆ ದಾಟುವ ಹಾಗಿಲ್ಲ. ಸೋಫಾ ಹೇಗೆ ಹತ್ತೀತು? ಆದರೆ ಕೆಳಗಿನ ಪಾರ್ಕಿಂಗಿನಲ್ಲಿ ನಮ್ಮ ಪಾಲಿನ ಮೂಲೆಯೊಂದಿತ್ತು. ಎರಡು ಕಡೆ ಗೋಡೆ, ಒಂದು ಪ್ಲಗ್ಗು. ಕಾರಿಲ್ಲದವರಿಗೆ ಕಾರಿನಷ್ಟು ಜಾಗ. ನನ್ನ ಪಾಲಿಗೆ ಅದು ಅರಮನೆ. ಅಡ್ಡಿಯಾಗಿದ್ದದ್ದು ಎದುರಿನ ಗೋಡೆಯ ಮೇಲೆ ಅಧ್ಯಕ್ಷರು ಕೆಂಪು ಬಣ್ಣದಲ್ಲಿ ಬರೆಸಿದ್ದ ಸಾಲು: "ಇಲ್ಲಿ ವಾಹನ ಮಾತ್ರ. ಬೇರೆ ಏನಿದ್ದರೂ ಬೀದಿಗೆ." ಅದು ಬರೀ ಬೆದರಿಕೆಯೇನಲ್ಲ. ಮೂರನೇ ಮಹಡಿಯವರ ಬೀರು ಹಾಗೆ ಬೀದಿಗೆ ಹೋಗಿತ್ತು, ಕನ್ನಡಿಯಿದ್ದ ತಪ್ಪಿಗೆ ದಾರಿಹೋಕರೆಲ್ಲ ಅದರ ಮುಂದೆ ನಿಂತು ತಲೆ ಬಾಚಿಕೊಂಡು ಹೋಗುತ್ತಿದ್ದರು.

ಅದಕ್ಕೇ ಈ ಕಾರ್ ಕವರು. ತಂದುಕೊಟ್ಟವರು ಇವರು, ಅಂದರೆ ನಮ್ಮ ಯಜಮಾನರು. ಇವರು ಬಸ್ ನಿಲ್ದಾಣದ ಕಳೆದುಹೋದ ವಸ್ತುಗಳ ವಿಭಾಗದ ಮುಖ್ಯಸ್ಥರು. ವರ್ಷವಾದರೂ ಯಾರೂ ಕೇಳಿಕೊಂಡು ಬರದ ವಸ್ತುವನ್ನು ನೌಕರರು ಮನೆಗೆ ಒಯ್ಯಬಹುದು. ಹಾಗಾಗಿ ನಮ್ಮ ಮನೆಯಲ್ಲಿ ಇಪ್ಪತ್ತು ಕೊಡೆಗಳಿವೆ, ಜೋಡಿ ಕೈಗವಸು ಒಂದೂ ಇಲ್ಲ. ಕಾರಿರುವವನು ಬಸ್ಸಿನಲ್ಲಿ ಯಾಕೆ ಬಂದ, ಬಂದವನು ಕಾರಿನ ಕವರನ್ನೇ ಯಾಕೆ ಬಿಟ್ಟುಹೋದ ಎಂದು ಇವರು ತಿಂಗಳುಗಟ್ಟಲೆ ಯೋಚಿಸಿ, ಕೊನೆಗೆ "ಪೆಟ್ರೋಲ್ ರೇಟು" ಎಂದು ತೀರ್ಮಾನಿಸಿದ್ದರು. ಪ್ರಯಾಣಿಕರು ಸೀಟಿನ ಮೇಲೆ ಬಿಟ್ಟುಹೋದ ಪತ್ರಿಕೆಗಳೆಲ್ಲ ಬರುವುದೂ ಇವರ ಮೇಜಿಗೇ. ಇವರ ಅಭಿಪ್ರಾಯಗಳನ್ನು ಕೇಳಿದಾಗಲೆಲ್ಲ ನನಗೆ ಅನಿಸುವುದಿದೆ, ಇವೆಲ್ಲ ಯಾರೋ ಬಸ್ಸಿನಲ್ಲಿ ಮರೆತು ಇಳಿದುಹೋದವು ಎಂದು.

ಸೋಫಾದ ಮೇಲೆ ಎರಡು ಕುರ್ಚಿ ಮಗುಚಿ ಕವರು ಹೊದಿಸಿದರೆ ಒಳಗೆ ಡೇರೆಯಂತಾಗುತ್ತಿತ್ತು. ಪ್ಲಗ್ಗಿನಿಂದ ವೈರು ಎಳೆದು ಒಳಗೊಂದು ಬಲ್ಬು ಹಾಕಿಕೊಂಡು ಕೂತರೆ ಯಾರಿಗೂ ಕಾಣದೆ ಕೆಲಸ ನಡೆಯುತ್ತಿತ್ತು. ಆ ಸಂಜೆಯವರೆಗೂ ನಡೆದಿತ್ತು.

"ಡಾಕ್ಟರಮ್ಮಾ, ಇದನ್ನ ಗಮನಿಸಿದ್ರಾ?" ಎಂದರು ಅಧ್ಯಕ್ಷರು. ಕವರಿನ ಅಂಚಿನಡಿ ಒಂದು ಜೊತೆ ಬೂಟು, ಒಂದು ಜೊತೆ ಬಿಳಿ ಚಪ್ಪಲಿ ಕಾಣುತ್ತಿದ್ದವು. ಚಪ್ಪಲಿ, ನಮ್ಮ ಪಕ್ಕದ ಪಾರ್ಕಿಂಗ್ ಜಾಗದ ಒಡತಿ ಹಲ್ಲಿನ ಡಾಕ್ಟರದು. "ಈ ಕಾರು ಬಂದಿದ್ದು ಯಾರಿಗೂ ಗೊತ್ತಿಲ್ಲ. ಹೋಗಿದ್ದನ್ನೂ ಯಾರೂ ಕೇಳಿಸಿಕೊಂಡಿಲ್ಲ."

"ಸದ್ದೇ ಇಲ್ಲ ಅಂದ್ರೆ..."

"ಅಂದ್ರೆ? ವೈರು ನೋಡಿ. ಗೋಡೆಯಿಂದ ಸೀದಾ ಒಳಗೆ ಹೋಗಿದೆ."

"ಒಳಗೆ ಬೆಳಕೂ ಇದೆ ಕಣ್ರೀ."

"ಅದು ಚಾರ್ಜ್ ಆಗ್ತಿರೋ ದೀಪ."

ಎಳೆದು ಹಿಡಿದ ನವಾರು ಬೆರಳಿನಿಂದ ಜಾರತೊಡಗಿತು. ಬೇರೆ ದಾರಿಯಿಲ್ಲದೆ ಒಂದು ಮೊಳೆ ಹೊಡೆದೆ. ಟಕ್.

"ಕೇಳಿಸ್ತಾ?" ಅಧ್ಯಕ್ಷರ ದನಿ ತಗ್ಗಿತು. "ಕರೆಂಟು ಒಳಗೆ ಇಳಿಯೋ ಸದ್ದು."

ಆಗ ಇನ್ನೊಂದು ಜೊತೆ ಬೂಟು ಬಂದು ನಿಂತಿತು. ಒಂದು ಕಪ್ಪು, ಒಂದು ಕಡುಕಂದು, ಬೇರೆ ಬೇರೆ ಬಸ್ಸಿನಲ್ಲಿ ಸಿಕ್ಕವು. ಇವರೇ ಎಂದು ಗೊತ್ತಾಯಿತು.

"ಏನ್ರೀ, ನೆರೆಹೊರೆಯವರಿಂದ್ಲೂ ಮುಚ್ಚಿಡೋದಾ? ಎಲೆಕ್ಟ್ರಿಕ್ ಕಾರು ತಗೊಂಡಿದ್ದೀರಂತೆ," ಎಂದರು ಅಧ್ಯಕ್ಷರು.

ಒಳಗಿರುವುದು ಸೋಫಾ ಎಂದರೆ ಅದು ಬೀದಿಗೆ, ಅದರ ಹಿಂದೆ ನನ್ನ ಕೆಲಸವೂ ಬೀದಿಗೆ. ಕಾರು ಎಂದರೆ ಸುಳ್ಳು. ಇವರು ಎರಡನ್ನೂ ಬಿಟ್ಟು ಭಾಷಣವನ್ನು ಆರಿಸಿಕೊಂಡರು.

"ನೋಡಿ ಸರ್, ಪೆಟ್ರೋಲಿನ ಕಾಲ ಮುಗೀತು. ಇನ್ನು ಬಿಸಿಲು, ಗಾಳಿ. ಅದು ಬಿಟ್ರೆ ಬೇರೆ ದಾರಿ ಇಲ್ಲ. ಸರ್ಕಾರವೇ ಸಬ್ಸಿಡಿ ಕೊಟ್ಟು ಕರೀತಿರುವಾಗ ನಾವು ಹೊಗೆ ಉಗುಳ್ತಾ ಕೂರೋದು ಸರೀನಾ?"

"ಹಾಗಾದ್ರೆ ಸಬ್ಸಿಡೀಲೇ ತಗೊಂಡ್ರಾ?"

"ಸದ್ಯಕ್ಕೆ ಯಾರಿಗೂ ಹೇಳಬೇಡಿ," ಎಂದರು ಇವರು.

ಒಂದು ಸುದ್ದಿಯನ್ನು ಕಟ್ಟಡದ ನಾಲ್ಕು ಮಹಡಿಗೂ ಮುಟ್ಟಿಸಲು ಇದಕ್ಕಿಂತ ಒಳ್ಳೆಯ ವಾಕ್ಯವನ್ನು ಯಾರೂ ಇನ್ನೂ ಕಂಡುಹಿಡಿದಿಲ್ಲ.

"ಸುಳ್ಳು ಎಲ್ಲಿ ಹೇಳ್ದೆ?" ಎಂದು ಮನೆಯಲ್ಲಿ ಇವರು ನನ್ನನ್ನೇ ಕೇಳಿದರು. "ಕಾರು ಅನ್ನೋ ಪದವೇ ನನ್ನ ಬಾಯಿಂದ ಬಂದಿಲ್ಲ. ನಿನ್ನ ಕೆಲಸ ಉಳಿಸೋಕೆ ನಾನು ಇಂಧನದ ಭವಿಷ್ಯದ ಬಗ್ಗೆ ಮಾತಾಡಿದೆ." ಮಾತು ನಿಜವಾಗಿತ್ತು, ಅದೇ ಕಿರಿಕಿರಿ. ಸಹಾಯ ಮಾಡಿದವರನ್ನು ಬಯ್ಯುವುದು ಹೇಗೆ?

ಮರುದಿನದಿಂದ ಕಟ್ಟಡದಲ್ಲಿ ಏನೇ ಕೆಟ್ಟರೂ ಕಾರಣ ನಮ್ಮ ಕಾರು. ನೀರಿನ ಪಂಪು ನಿಂತರೆ ಕಾರು. ಎರಡನೇ ಮಹಡಿಯವರ ಫ್ಯಾನು ನಿಧಾನವಾದರೆ ಕಾರು. ಮೇಲಿನ ದವಾಖಾನೆಯಲ್ಲಿ ಡಾಕ್ಟರ ಹಲ್ಲು ಕೊರೆಯುವ ಯಂತ್ರ ರೋಗಿಯ ಬಾಯಲ್ಲೇ ನಿಂತುಹೋದಾಗ, ಅವರು ರೋಗಿಯನ್ನು ಬಾಯಿ ತೆರೆದಂತೆಯೇ ಬಿಟ್ಟು ಕೆಳಗಿಳಿದು ಬಂದು, "ಸ್ವಲ್ಪ ಹೊತ್ತು ವೈರು ತೆಗೀತೀರಾ?" ಎಂದು ಕವರಿಗೆ ಹೇಳಿಹೋದರು. ನಾನು ಒಳಗಿನಿಂದ ಬಲ್ಬು ಆರಿಸಿದೆ. ಕಾಕತಾಳೀಯವೋ ಏನೋ, ಮೇಲೆ ಯಂತ್ರ ಮತ್ತೆ ಗುಂಯ್ ಎಂದಿತು. ಇಡೀ ಕಟ್ಟಡಕ್ಕೆ ಇನ್ನೇನು ಪುರಾವೆ ಬೇಕು?

ಮೆಟ್ಟಿಲ ಮೇಲೆ ಎರಡು ಪಕ್ಷಗಳಾದವು. ಇಡೀ ಊರೇ ಹೀಗೆ ಚಾರ್ಜಿಗೆ ಹಾಕಿದರೆ ಕರೆಂಟು ಎಲ್ಲಿಂದ ಬರುತ್ತೆ ಎಂದು ಒಂದು ಪಕ್ಷ. ಕಲ್ಲಿದ್ದಲು ಸುಟ್ಟು ಕರೆಂಟು ಮಾಡಿ ಕಾರಿಗೆ ತುಂಬಿದರೆ ಹೊಗೆ ಜಾಗ ಬದಲಿಸಿತೇ ಹೊರತು ಕಡಿಮೆಯಾಯಿತೇ ಎಂದೂ ಅವರೇ ಕೇಳಿದರು. ಹೊಗೆ ನಮ್ಮ ಕಿಟಕಿಗೆ ಬರದಿದ್ದರೆ ಸಾಕು ಎಂದು ಇನ್ನೊಂದು ಪಕ್ಷ. ಬಸ್ ನಿಲ್ದಾಣದ ನೌಕರನಿಗೇ ಕಾರು ಬಂದಿರುವಾಗ ನಮಗ್ಯಾಕಿಲ್ಲ ಎಂಬ ಮಾತು ಮಾತ್ರ ಎರಡೂ ಪಕ್ಷದ ಮನೆಗಳಲ್ಲಿ ಒಂದೇ ದನಿಯಲ್ಲಿ ಕೇಳಿಬಂತು. ಡಾಕ್ಟರು ಹೊಸ ಕಾರಿಗೆಂದು ತಮ್ಮ ಜಾಗದ ಹಳೇ ಸ್ಕೂಟರು ತೆರವು ಮಾಡಿ ನೆಲ ತೊಳೆಸಿದರು. ಅಧ್ಯಕ್ಷರ ಹೆಂಡತಿ, ಕಾರು ಕೊಡಿಸಲಿಲ್ಲವೆಂದು, ಅಧ್ಯಕ್ಷರೊಂದಿಗೆ ಮಾತು ಬಿಟ್ಟರು.

"ಯಾವಾಗ ಆಚೆ ತೆಗೀತೀರಿ?" ಎಂದು ಸಿಕ್ಕವರೆಲ್ಲ ಇವರನ್ನು ಕೇಳುತ್ತಿದ್ದರು.

"ಬ್ಯಾಟರಿ ಮೊದಲು ಮನೆಗೆ ಹೊಂದಿಕೊಳ್ಳಬೇಕು," ಎನ್ನುತ್ತಿದ್ದರು ಇವರು, ಹೊಸ ಸೊಸೆಯ ಬಗ್ಗೆ ಹೇಳಿದ ಹಾಗೆ.

ಭಾನುವಾರ ಅಕ್ಕನ ಮನೆಯಲ್ಲಿ ಊಟ. ಭಾವನಿಗೆ ಹೆದ್ದಾರಿಯಲ್ಲಿ ಪೆಟ್ರೋಲ್ ಬಂಕ್ ಇದೆ. ಸುದ್ದಿ ನಮಗಿಂತ ಮೊದಲೇ ಅಲ್ಲಿಗೆ ತಲುಪಿತ್ತು. ಅವರ ಹಾಲಿನಲ್ಲಿ ಎಲ್ಲರೂ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದೆವು. ಸೋಫಾ ಇರಬೇಕಾದ ಜಾಗ ಖಾಲಿಯಿತ್ತು. ಯಾಕೆಂದರೆ ಸೋಫಾ ನನ್ನ ಕವರಿನಡಿ ಇತ್ತು.

ಅದು ಅಕ್ಕನಿಗೆ ಮತ್ತು ನಮ್ಮಿಬ್ಬರಿಗೆ ಮಾತ್ರ ಗೊತ್ತು. "ಮೊಳೆ ಹೊಡೆಯೋರ ಮನೆಯಿಂದ ಹೆಣ್ಣು ತಂದೆ," ಎಂದು ಮದುವೆಯಾದಾಗಿನಿಂದ ಹೇಳಿಕೊಂಡು ಬಂದಿರುವ ಭಾವನಿಗೆ, ಅಕ್ಕ ಬೇರೆಯೇ ಹೇಳಿದ್ದಳು. ಸೋಫಾ ಬಹಳ ದೊಡ್ಡ ಕಂಪನಿಗೆ ಹೋಗಿದೆ, ಅಲ್ಲಿ ಬೆನ್ನುಮೂಳೆಯ ತಜ್ಞರು ಸ್ಪ್ರಿಂಗು ಕೂರಿಸುತ್ತಾರೆ ಎಂದು.

"ಬಾರಯ್ಯ, ಬಾ, ಸೂರ್ಯಪುತ್ರ," ಎಂದು ಭಾವ ಇವರನ್ನು ಸ್ವಾಗತಿಸಿದರು. "ನಿನ್ನೆವರೆಗೆ ಸೈಕಲ್ಲೂ ಇಲ್ದೋನು ಇವತ್ತು ನನ್ನ ಬಂಕು ಮುಚ್ಚಿಸೋಕೆ ಹೊರಟಿದ್ದೀಯಂತೆ."

"ನಾನ್ಯಾಕೆ ಮುಚ್ಚಿಸಲಿ ಭಾವ, ಕಾಲವೇ ಮುಚ್ಚಿಸುತ್ತೆ."

"ಸಬ್ಸಿಡಿ ಯಾರ ದುಡ್ಡು? ನಾನು ಕಟ್ಟೋ ತೆರಿಗೆ. ಅಂದ್ರೆ ನನ್ನ ಬಂಕನ್ನ ನನ್ನ ದುಡ್ಡಲ್ಲೇ ಮುಚ್ಚಿಸ್ತಿದ್ದೀಯ. ಹೌದೋ ಅಲ್ವೋ?"

"ಪೆಟ್ರೋಲಿಗೂ ಸರ್ಕಾರ ಎಷ್ಟು ಕಾಲ ಕೈ ಹಿಡಿದಿತ್ತು ಭಾವ, ಅದನ್ನೂ ಹೇಳಿ."

"ಸರಿ, ದಾರೀಲಿ ಚಾರ್ಜ್ ಮುಗೀತು. ಏನ್ಮಾಡ್ತೀಯ? ಬಿಸಿಲಿಗೆ ಮುಖ ಮಾಡಿ ನಿಂತ್ಕೋತೀಯಾ?"

ಇವರು ಸ್ವಲ್ಪ ಯೋಚಿಸಿ, "ನಮ್ಮದು ಇದುವರೆಗೆ ಒಂದು ಸಲವೂ ದಾರೀಲಿ ನಿಂತಿಲ್ಲ," ಎಂದರು. ಅದೂ ಸತ್ಯವೇ.

ಭಾವ ಹಿಂದಕ್ಕೆ ಒರಗಲು ಹೋದರು. ಪ್ಲಾಸ್ಟಿಕ್ ಕುರ್ಚಿಯ ಕಾಲು ಬಳುಕಿತು. "ಅಲ್ವೇ, ಆ ನಿನ್ನ ಕಂಪನಿಯವರು ಸೋಫಾ ಯಾವಾಗ ಕಳಿಸ್ತಾರೆ?" ಎಂದು ಸಿಟ್ಟನ್ನು ಅಕ್ಕನ ಕಡೆ ತಿರುಗಿಸಿದರು.

"ಇನ್ನೇನು ಬಂತು," ಎಂದಳು ಅಕ್ಕ, ನನ್ನ ಕಡೆ ನೋಡದೆ. "ಕೊನೇ ಪರೀಕ್ಷೆ ನಡೀತಿದೆಯಂತೆ."

ಅಡುಗೆಮನೆಯಲ್ಲಿ ಅವಳು ನನ್ನ ಮೊಣಕೈ ಹಿಡಿದು, "ಈ ವಾರ ಮುಗಿಸಿಬಿಡು ಕಣೇ. ಅವರಿಗೆ ಗೊತ್ತಾದ್ರೆ ನನ್ನ ಮಾನ, ನಿಮ್ಮ ಅಧ್ಯಕ್ಷರಿಗೆ ಗೊತ್ತಾದ್ರೆ ನಿನ್ನ ಜಾಗ," ಎಂದಳು. ಅವಳು ಒಂದು ವಿಷಯವನ್ನು ಇಷ್ಟು ಚೊಕ್ಕವಾಗಿ ಹೇಳಿದ್ದನ್ನು ನಾನು ಮೊದಲ ಸಲ ಕೇಳಿದ್ದು.

ಹೊರಡುವಾಗ ಭಾವ, "ನಾನೇ ಬಂದು ನಿನ್ನ ಕಾರು ನೋಡ್ತೀನಿ," ಎಂದರು.

ಇಷ್ಟೇ ಆಗಿದ್ದರೆ ಹೇಗೋ ಸುಧಾರಿಸಬಹುದಿತ್ತು. ಆದರೆ ಅಧ್ಯಕ್ಷರು ಸುಮ್ಮನಿರುವ ಜಾತಿಯವರಲ್ಲ. ಒಂದು ಕಾರಿಗೇ ಸಬ್ಸಿಡಿ ಸಿಗುವುದಾದರೆ ಇಡೀ ಕಟ್ಟಡದ ಪಾರ್ಕಿಂಗಿಗೆ ಚಾರ್ಜಿಂಗ್ ವ್ಯವಸ್ಥೆ ಯಾಕೆ ಸಿಗಬಾರದು ಎಂದು ಇಂಧನ ಕಚೇರಿಗೆ ಫೋನು ಮಾಡಿ, ಅಧಿಕಾರಿಯೊಬ್ಬರನ್ನು ಕರೆಸಿಯೇಬಿಟ್ಟರು. "ಎಲ್ಲರೂ ಮನೇಲಿ ಸಿಗ್ತಾರೆ ಅಂತ ರಜೆ ದಿನವೇ ಮಧ್ಯಾಹ್ನ ಬರ್ತಾರೆ. ನಿಮ್ಮ ಕಾರನ್ನ ಮಾದರಿಯಾಗಿ ತೋರಿಸೋಣ," ಎಂದು ಇವರ ಬೆನ್ನು ತಟ್ಟಿದರು. ಅವತ್ತು ಇವರಿಗೆ ಊಟ ಸೇರಲಿಲ್ಲ. ಬಿಸಿಲು, ಗಾಳಿ ಎರಡರ ಮೇಲೂ ನಂಬಿಕೆ ಕಳೆದುಕೊಂಡವರಂತೆ ಕಿಟಕಿ ಮುಚ್ಚಿ ಕೂತರು.

"ಮಧ್ಯಾಹ್ನ ತಾನೇ," ಎಂದೆ ನಾನು. "ಬೆಳಿಗ್ಗೆ ಮುಗಿಸಿಬಿಡ್ತೀನಿ. ಅಕ್ಕನ ಮನೆಗೆ ಕಳಿಸಿ, ಕಾರು ವಾಪಸ್ ಕೊಟ್ವಿ ಅಂದುಬಿಡಿ. ಬಣ್ಣ ಇಷ್ಟ ಆಗ್ಲಿಲ್ಲ ಅನ್ನಿ."

ರಜೆಯ ಬೆಳಿಗ್ಗೆ, ಕುರ್ಚಿಗಳನ್ನು ಸೋಫಾದ ಎರಡು ಪಕ್ಕಕ್ಕೆ ಇಳಿಸಿ ನಿಲ್ಲಿಸಿ, ಕವರಿನೊಳಗೆ ಕೂತು ಮುಂದಿನ ಅಂಚಿಗೆ ಕೊನೆಯ ಸಾಲು ಮೊಳೆ ಹೊಡೆಯುತ್ತಿದ್ದೆ. ಹಸಿರು ಬಟ್ಟೆ ಸುಕ್ಕಿಲ್ಲದೆ ಕೂತಿತ್ತು. ಒಳಗಿನ ತೆಂಗಿನ ನಾರನ್ನು ಕೈಯಲ್ಲೇ ಬಿಡಿಸಿ ತುಂಬಿದ್ದೆ. ಸ್ಪ್ರಿಂಗುಗಳನ್ನು ಅಪ್ಪ ಕಟ್ಟುತ್ತಿದ್ದ ಎಂಟು ದಿಕ್ಕಿನ ಗಂಟಿನಲ್ಲಿ ಕಟ್ಟಿದ್ದೆ. ಒಂದು ಸಲ ಕೂತು ನೋಡೋಣವೆಂದು ಸೋಫಾದ ಮೇಲೇರಿ ಕೂತು, ಅದರ ಕೈಯ ಮೂಲೆಗೆ ಉಳಿದ ಮೊಳೆಗಳನ್ನು ಹೊಡೆಯೋಣವೆಂದು ಬಾಯಿಗೆ ಹಾಕಿಕೊಂಡೆ.

ಆಗ ಬೂಟುಗಳು ಬಂದವು. ಅಧ್ಯಕ್ಷರದು. ಡಾಕ್ಟರ ಬಿಳಿ ಚಪ್ಪಲಿ. ಮೇಲಿನ ಮಹಡಿಗಳ ಇನ್ನಷ್ಟು ಕಾಲುಗಳು. ಧೂಳು ಹಿಡಿದ, ಹಿಮ್ಮಡಿ ಸವೆದ ಅಪರಿಚಿತ ಬೂಟು. ಕಪ್ಪು ಮತ್ತು ಕಡುಕಂದು. ಎಲ್ಲದರ ಹಿಂದೆ ಪೆಟ್ರೋಲಿನ ವಾಸನೆಯೊಂದಿಗೆ ಭಾವನ ದಪ್ಪ ಚಪ್ಪಲಿ, ಅದರ ಪಕ್ಕದಲ್ಲಿ ಅಕ್ಕನ ಕಾಲು, ಬೆರಳು ಮಡಿಚಿಕೊಂಡಿದ್ದು.

"ಮಧ್ಯಾಹ್ನ ಅಂದಿದ್ರಿ," ಎಂದು ಇವರ ದನಿ ಬಾವಿಯೊಳಗಿಂದ ಬಂದ ಹಾಗೆ ಬಂತು.

"ಉಳಿದ ಕಡೆ ಬೇಗ ಮುಗೀತು," ಎಂದರು ಅಧಿಕಾರಿ. ಯಾಕೋ ಅವರ ದನಿಯಲ್ಲಿ ಅಳುಕಿತ್ತು.

"ನಾನು ಹಗ್ಗ ತಂದಿದ್ದೀನಿ," ಎಂದರು ಭಾವ. "ಕಾರು ಎಲ್ಲಾದ್ರೂ ನಿಂತ್ರೆ ನನ್ನ ಪಿಕಪ್ಪಿಗೆ ಕಟ್ಟಿ ಎಳೆಯೋಕೆ. ಬಂಧು ಅಂದ್ಮೇಲೆ ಇಷ್ಟೂ ಮಾಡ್ಬೇಡ್ವಾ?"

ಇವರು ತಮ್ಮ ಕೊನೆಯ ಅಸ್ತ್ರ ತೆಗೆದರು. "ಕವರು ತೆಗೆಯೋ ಮೊದಲು ಇಂಧನದ ಭವಿಷ್ಯದ ಬಗ್ಗೆ ನಾಲ್ಕು ಮಾತು." ಬಿಸಿಲಿನಿಂದ ಶುರುವಾಯಿತು. ಗಾಳಿ ಬೀಸಿತು. ಸಮುದ್ರದ ಅಲೆಯಿಂದಲೂ ಕರೆಂಟು ಬಂತು. ಭೂಮಿಯ ಹೊಟ್ಟೆಯ ಕಾವಿನ ತನಕ ಇಳಿದಾಗ ಅಧ್ಯಕ್ಷರ ತಾಳ್ಮೆ ಮುಗಿಯಿತು. ಅವರು ಕವರಿನ ಅಂಚು ಹಿಡಿದು ಒಂದೇ ಏಟಿಗೆ ಎಳೆದರು.

ಬೆಳಕಿಗೆ ನಾನು ಕಣ್ಣು ಕಿರಿದು ಮಾಡಿದೆ.

ಎದುರಿಗೆ ಇಡೀ ಕಟ್ಟಡ ನಿಂತಿತ್ತು. ಹಸಿರು ಸೋಫಾದ ನಟ್ಟನಡುವೆ, ತಲೆಯ ಮೇಲೆ ಬಲ್ಬು ಉರಿಸಿಕೊಂಡು, ಕೈಯಲ್ಲಿ ಸುತ್ತಿಗೆ ಹಿಡಿದು ನಾನು ಕೂತಿದ್ದೆ. ಎಲ್ಲರೂ ನನ್ನ ಮಾತಿಗೆ ಕಾದರು. ನನ್ನ ತುಟಿಗಳ ನಡುವೆ ಮೊಳೆಗಳ ತಲೆಗಳು ಮಿನುಗುತ್ತಿದ್ದವು.

ಅಧಿಕಾರಿ ಕೇಳಿದರು, "ಡ್ರೈವರ್ರು ಇವರೇನಾ?"

ಡಾಕ್ಟರು ನನ್ನ ಬಾಯನ್ನೇ ವೃತ್ತಿಪರ ಕಳವಳದಿಂದ ನೋಡುತ್ತಿದ್ದರು.

ಅಧಿಕಾರಿ ಸೋಫಾದ ಸುತ್ತ ಒಂದು ಸುತ್ತು ಬಂದರು. ಅವರ ಮುಖ ಬಿಗಿದಿತ್ತು, ಆಮೇಲೆ ಸಡಿಲವಾಯಿತು, ಆಮೇಲೆ ಹೊಳೆಯಿತು. "ಅಂದ್ರೆ ಕಾರಿಲ್ಲ. ಕಾರೇ ಇಲ್ಲ. ಅಲ್ವಾ?"

"ಇಲ್ಲ," ಎಂದರು ಇವರು. ಈ ಇಡೀ ಪ್ರಕರಣದಲ್ಲಿ ಇವರು ಹೇಳಿದ ಅತಿ ಚಿಕ್ಕ ವಾಕ್ಯ ಅದು.

"ಸೋಫಾಗೆ ಸಬ್ಸಿಡಿ ಇಲ್ಲ ಸರ್," ಎಂದ ಅಧಿಕಾರಿ, ಮೆಲ್ಲಗೆ, "ಈಗ ಕಾರಿಗೂ ಇಲ್ಲ," ಎಂದರು. ಹಾಗೆಂದವರೇ ನನ್ನ ಪಕ್ಕದಲ್ಲಿ ಕುಸಿದು ಕೂತರು. "ಯೋಜನೆ ಮುಗಿದುಹೋಯ್ತು. ಮನೆ ಮನೆಗೆ ಹೋಗಿ ಅದನ್ನೇ ಹೇಳ್ಕೊಂಡು ಬರ್ತಿದ್ದೀನಿ. ಹೋದಲ್ಲೆಲ್ಲ ಬೈಗುಳ. ಒಬ್ರಂತೂ ಬಾಗಿಲು ಹಾಕ್ಕೊಂಡು ಒಳಗಿಂದ ಬೈದ್ರು. ನಿಮಗೆ ಹೇಗಪ್ಪಾ ಹೇಳೋದು ಅಂತ ದಾರಿಯುದ್ದಕ್ಕೂ ಯೋಚಿಸ್ಕೊಂಡು ಬಂದೆ." ಅವರು ಹಿಂದಕ್ಕೆ ಒರಗಿದರು. ಕಣ್ಣು ತಾನಾಗಿ ಮುಚ್ಚಿತು. "ಅಬ್ಬಾ. ಏನಮ್ಮ ಇದು, ತೊಟ್ಟಿಲ ಹಾಗಿದೆ."

ಸಬ್ಸಿಡಿ ಇಲ್ಲ ಎಂಬ ಮಾತು ಗುಂಪಿನಲ್ಲಿ ಹಿಂದೆ ಹಿಂದೆ ಸಾಗಿದಂತೆ ಒಬ್ಬೊಬ್ಬರ ಭುಜವೂ ಹಗುರಾಗಿ ಇಳಿಯಿತು. ಡಾಕ್ಟರು, "ಹಾಗಾದ್ರೆ ನಾವೂ ತಗೊಳ್ಳೋದು ಬೇಡ ಬಿಡಿ," ಎಂದು ನಿಟ್ಟುಸಿರಿಟ್ಟರು. ಕಾರಿನ ಸುದ್ದಿ ಹುಟ್ಟಿದಾಗಿನಿಂದ ಅವರ ಮನೆಯಲ್ಲಿ ಸಾಲದ ಮಾತು ಬಿಟ್ಟು ಬೇರೆ ಮಾತೇ ಇರಲಿಲ್ಲವಂತೆ. ಅಧ್ಯಕ್ಷರು ತಮ್ಮ ಹೆಂಡತಿಯ ಕಡೆ ನೋಡಿದರು. ಆಕೆ, "ಬನ್ನಿ, ಕಾಫಿ ಮಾಡ್ತೀನಿ," ಎಂದರು. ಮಾತು ಮತ್ತೆ ಶುರುವಾಯಿತು ಎಂದು ಎಲ್ಲರಿಗೂ ತಿಳಿಯಿತು.

ಆದರೆ ಅಧ್ಯಕ್ಷರು ಕಾಫಿಗೆ ಹೋಗಲಿಲ್ಲ. ಗೋಡೆಯ ಕೆಂಪು ಸಾಲಿನ ಕಡೆ ತಿರುಗಿದರು.

"ಅದೆಲ್ಲ ಸರಿ. ಇಲ್ಲಿ ವಾಹನ ಮಾತ್ರ ಅಂತ ನಿಯಮ ಇದೆಯಲ್ಲ."

ಅಧಿಕಾರಿ ಕಣ್ಣು ತೆರೆಯದೆಯೇ ಕೈ ಇಳಿಬಿಟ್ಟು ಸೋಫಾದ ಕಾಲು ತಡವಿದರು. ಗುಡಿಸುವಾಗ ಸರಿಸಲು ಸುಲಭವಾಗಲೆಂದು ನಾನೇ ಕೂರಿಸಿದ್ದ ಪುಟ್ಟ ಗಾಲಿಗೆ ಕೈ ತಾಗಿತು. ಅದನ್ನು ಒಂದು ಸಲ ತಿರುಗಿಸಿದರು.

"ಚಕ್ರ ಇದೆ," ಎಂದರು. "ನಾಲ್ಕಿವೆ. ಮೂರು ಜನ ಕೂರಬಹುದು. ಹೊಗೆ ಇಲ್ಲ, ಸದ್ದಿಲ್ಲ, ಪೆಟ್ರೋಲ್ ಬೇಡ. ಇದು ವಾಹನ ಅಲ್ಲ ಅನ್ನೋ ಧೈರ್ಯ ನನಗಂತೂ ಇಲ್ಲ ಸರ್. ಮೇಲಿನವರನ್ನ ಕೇಳಬೇಕು. ಉತ್ತರ ಬರೋಕೆ ವರ್ಷಗಳು ಹಿಡಿಯುತ್ತೆ."

ಅಧ್ಯಕ್ಷರು ನಂಬದೆ ಬಗ್ಗಿ ನೋಡಿದರು. ಬಗ್ಗಿದವರು ಏಳಲಾರದೆ ಸೊಂಟ ಹಿಡಿದುಕೊಂಡು, ಸಿಕ್ಕಿದ ಜಾಗದಲ್ಲಿ ಕೂತರು. ಸಿಕ್ಕಿದ ಜಾಗ ಸೋಫಾ. ಅವರ ಮುಖದಲ್ಲಿ ನಿಯಮ ಕರಗುತ್ತಾ ಹೋಗುವುದನ್ನು ನಾನು ಪಕ್ಕದಲ್ಲೇ ಕೂತು ನೋಡಿದೆ.

"ನಮ್ಮನೇದೂ ಒಂದಿದೆ," ಎಂದರು ಮೆಲ್ಲಗೆ. "ಕೂತ್ರೆ ಸ್ಪ್ರಿಂಗು ಕಚ್ಚುತ್ತೆ. ಅದಕ್ಕೂ ಚಕ್ರ ಹಾಕ್ತೀರಾಮ್ಮ?"

ನಾನು ತಲೆಯಾಡಿಸಿದೆ.

"ಹಾಗಾದ್ರೆ ನಿಮ್ಮ ಮನೆಗೆ ನಿಜವಾದ ಕಾರು ಬರೋ ತನಕ ನಿಮ್ಮ ಕೆಲಸ ಇಲ್ಲೇ ಇರ್ಲಿ."

ಅಷ್ಟರಲ್ಲಿ ಭಾವ ಗುಂಪನ್ನು ಸರಿಸಿಕೊಂಡು ಮುಂದೆ ಬಂದಿದ್ದರು. ಸೋಫಾದ ಬಲಗಡೆಯ ಮರದ ಕೈ ಮೇಲೆ, ವರ್ಷಗಟ್ಟಲೆ ಮೊಣಕೈಯೂರಿ ಸವೆದ ಗುಳಿಯೊಂದಿತ್ತು. ಅವರು ಅದರೊಳಗೆ ತಮ್ಮ ಮೊಣಕೈ ಇಟ್ಟು ನೋಡಿದರು. ಸರಿಯಾಗಿ ಕೂತಿತು.

"ಇದು ನಮ್ಮ ಸೋಫಾ," ಎಂದರು. "ಆ ದೊಡ್ಡ ಕಂಪನಿಗೆ ಹೋಗಿತ್ತಲ್ಲೇ?"

ಅಕ್ಕ ನೆಲ ನೋಡಿದಳು. ಆಗ ಇವರು ಒಂದು ಹೆಜ್ಜೆ ಮುಂದೆ ಬಂದರು. ಭಾಷಣ ಮಾಡಲಿಲ್ಲ.

"ಕಂಪನಿ ಇಲ್ಲೇ ಕೂತಿದೆ ಭಾವ," ಎಂದು ನನ್ನ ಕಡೆ ಕೈ ತೋರಿಸಿದರು.

ಭಾವ ನನ್ನನ್ನು ನೋಡಿದರು, ಸುತ್ತಿಗೆ ನೋಡಿದರು. ಅಧಿಕಾರಿಯನ್ನು ಸ್ವಲ್ಪ ಏಳಿರೆಂದು ಸನ್ನೆ ಮಾಡಿ ಕೂತರು. ಮೆಲ್ಲಗೆ ಒಂದು ಸಲ, ಆಮೇಲೆ ಜೋರಾಗಿ ಒಂದು ಸಲ ಕುಪ್ಪಳಿಸಿದರು. ಹಳೇ ಸಿನಿಮಾ ಮಂದಿರದ ಕುರ್ಚಿಗಳ ಹಾಗೆ ಸ್ಪ್ರಿಂಗು ಸೊಲ್ಲೆತ್ತಲಿಲ್ಲ.

"ನಿಮ್ಮಪ್ಪನ ಗಂಟಾ ಇದು?" ಎಂದು ಅಕ್ಕನನ್ನು ಕೇಳಿದರು.

"ಹೂಂ," ಎಂದಳು ಅಕ್ಕ. ತಲೆ ಎತ್ತಿ ಹೇಳಿದಳು. "ನಮ್ಮಪ್ಪಂದೇ."

ಭಾವ ಎದ್ದರು. ಕಾರನ್ನು ಎಳೆಯಲೆಂದು ತಂದಿದ್ದ ಹಗ್ಗದಲ್ಲೇ ಸೋಫಾವನ್ನು ತಮ್ಮ ಪಿಕಪ್ಪಿಗೆ ತಾವೇ ಕಟ್ಟಿದರು. ಹೊರಡುವ ಮುನ್ನ ಕಿಟಕಿಯಿಂದ ತಲೆ ಹಾಕಿ, "ನೋಡಿದ್ಯಾ ಸೂರ್ಯಪುತ್ರ, ಕೊನೆಗೆ ಪೆಟ್ರೋಲೇ ಬೇಕಾಯ್ತು," ಎಂದರು. ಅವರಿಗೂ ನೆಮ್ಮದಿಯಾಗಿತ್ತು. ಬಂಕು ಸದ್ಯಕ್ಕೆ ಉಳಿದಿತ್ತು, ಕೂರಲು ಸೋಫಾವೂ ಸಿಕ್ಕಿತ್ತು.

ಎಲ್ಲರೂ ಹೋದ ಮೇಲೆ ಇವರು ಖಾಲಿ ಮೂಲೆಯಲ್ಲಿ ನಿಂತು ಕವರು ಮಡಿಚಿದರು. ಇಡೀ ಕಟ್ಟಡವನ್ನು ಸಾಲದಿಂದ ಪಾರುಮಾಡಿದ್ದು ತಾವೇ ಎಂಬ ಕಥೆ ಆಗಲೇ ಅವರ ಮನಸ್ಸಿನಲ್ಲಿ ತಯಾರಾಗುತ್ತಿದ್ದದ್ದು ಮುಖದಲ್ಲೇ ಕಾಣುತ್ತಿತ್ತು. ಸಂಜೆಯ ಹೊತ್ತಿಗೆ, ಮೆಟ್ಟಿಲ ತಂಟೆಯಿಲ್ಲದ ನೆಲಮಹಡಿಯ ಮನೆಯಿಂದ ಅಧ್ಯಕ್ಷರ ಸೋಫಾ ಬಂದು ಇಳಿಯಿತು. ನಾನು ಅದರ ಹಳೆಯ ಬಟ್ಟೆ ಕಿತ್ತು, ಸ್ಪ್ರಿಂಗು ಬಿಚ್ಚಿ, ನವಾರು ಕೈಗೆತ್ತಿಕೊಂಡೆ.

"ಅಲ್ಲಾ, ಯೋಚನೆ ಮಾಡಿದ್ರೆ," ಎಂದರು ಇವರು, ಗೋಡೆಗೊರಗಿ, "ಆ ಯೋಜನೆ ಮತ್ತೆ ಬರ್ಬಹುದು. ಬಂದ್ರೆ ನಾವು ನಿಜವಾಗ್ಲೂ ಒಂದು ಚಿಕ್ಕ ಕಾರು ತಗೊಂಡ್ರೆ ಹೇಗೆ? ಪ್ಲಗ್ಗೂ ಇದೆ, ಜಾಗಾನೂ ಇದೆ. ಏನಂತೀಯ?"

ನಾನು ಡಬ್ಬಿಗೆ ಕೈ ಹಾಕಿ ಮೊಳೆ ಬಾಯಿಗೆ ಹಾಕಿಕೊಂಡು, "ಹ್ಞೂಂ," ಎಂದೆ. ಬಾಯಲ್ಲಿ ಮೊಳೆಯಿದ್ದಾಗ ಹೌದು, ಅಲ್ಲ ಎರಡೂ ಒಂದೇ ಥರ ಕೇಳಿಸುತ್ತದೆ. ಇವರು ಒಪ್ಪಿಗೆಯೆಂದೇ ತಿಳಿದು, ಖುಷಿಯಿಂದ ಮೆಟ್ಟಿಲು ಹತ್ತಿಹೋದರು.

ಕಂಬದ ಆಚೆ ಡಾಕ್ಟರು ಕಾರಿಗೆಂದು ತೊಳೆಸಿದ್ದ ಜಾಗ ಖಾಲಿ ಬಿದ್ದಿತ್ತು. ನೆಲ ಇನ್ನೂ ಹೊಳೆಯುತ್ತಿತ್ತು. ಕತ್ತಿನಲ್ಲಿದ್ದ ಟೇಪು ತೆಗೆದು ಹೋಗಿ ಅಳೆದೆ. ಮೂರು ಸೀಟಿನದು ಒಂದು ಹಿಡಿದು, ಬಟ್ಟೆ ಕತ್ತರಿಸುವ ಮೇಜಿಗೂ ಜಾಗ ಉಳಿಯುತ್ತಿತ್ತು. ಬೆಳಕೂ ಅಲ್ಲೇ ಹೆಚ್ಚು. ನಾಳೆ ಡಾಕ್ಟರನ್ನು ಕಾಣಬೇಕು. ಅವರ ದವಾಖಾನೆಯಲ್ಲಿ ರೋಗಿಗಳು ಕಾಯುವ ಬೆಂಚಿನ ಕುಶನ್ನು ಹರಿದಿರುವುದನ್ನು ನಾನು ಯಾವತ್ತೋ ನೋಡಿದ್ದೆ. ಮಾತು ಅಲ್ಲಿಂದ ಶುರುಮಾಡಬಹುದು. ಎರಡು ಜಾಗವೂ ನನ್ನ ಕೆಲಸಕ್ಕೇ ಬೇಕು. ಈ ಮನೆಗೆ ಕಾರು ಬರುವುದಾದರೆ ಬರಲಿ, ಅದು ನಿಲ್ಲುವುದು ಬೀದಿಯಲ್ಲಿ.

"ಇನ್ನೂ ಎಷ್ಟೊತ್ತು?" ಎಂದು ಮೇಲಿನಿಂದ ಇವರು ಕೂಗಿದರು. "ಏನ್ ಮಾಡ್ತಿದ್ದೀಯ ಅಲ್ಲಿ?"

ಟೇಪು ಸುತ್ತಿ ಕತ್ತಿಗೆ ಹಾಕಿಕೊಂಡೆ. ಬಾಯಿ ತುಂಬ ಮೊಳೆ ಇತ್ತು.